ಮೈಸೂರು–ನಂಜನಗೂಡು ದಿನಾ ಓಡಾಟ: ಒಂದು ಲಕ್ಷದ ಆಸುಪಾಸಿನಲ್ಲಿ ಯಾವ ಬೈಕ್?

ಶ್ರೀರಾಂಪುರದವನು:

ಎಲ್ಲರಿಗೂ ನಮಸ್ಕಾರ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ಕಿದೆ. ಮನೆ ಮೈಸೂರಿನ ಶ್ರೀರಾಂಪುರದಲ್ಲಿ. ಹೋಗಿ ಬರೋದು ಸೇರಿ ದಿನಕ್ಕೆ 50 ಕಿಲೋಮೀಟರ್ ಹತ್ತಿರ ಆಗುತ್ತದೆ. ವಾರ ವಾರ ಶಿಫ್ಟ್ ಬದಲಾಗುತ್ತದೆ, ಹಾಗಾಗಿ ಬಸ್ಸು, ರೈಲು ನಂಬಿಕೊಂಡರೆ ಆಗಲ್ಲ.

ಕೈಯಲ್ಲಿ 40 ಸಾವಿರ ಇದೆ, ಉಳಿದದ್ದು ಸಾಲ. ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿ ಆನ್ ರೋಡ್ ಒಂದು ಲಕ್ಷ, ತೀರಾ ಅಂದರೆ ಇನ್ನೊಂದು ಐದು ಸಾವಿರ. ಅದಕ್ಕಿಂತ ಮೇಲೆ ಹೋಗೋ ಹಾಗಿಲ್ಲ. ನನ್ನ ಎತ್ತರ 5 ಅಡಿ 4 ಇಂಚು. ಭಾನುವಾರ ಹೆಂಡತಿ ಜೊತೆ ಟಿ. ನರಸೀಪುರಕ್ಕೆ ಹೋಗೋದಿರುತ್ತದೆ.

ಅಪ್ಪ ಸ್ಪ್ಲೆಂಡರ್ ಬಿಟ್ಟು ಬೇರೆ ನೋಡಲೇಬೇಡ ಅಂತಾರೆ. ಸ್ನೇಹಿತ ಟಿವಿಎಸ್ ರೈಡರ್ 125 ಅಂತಾನೆ. ನನ್ನ ಕಣ್ಣು ಹೋಂಡಾ ಶೈನ್ 125 ಮೇಲಿದೆ. ಮೈಲೇಜ್ ನನಗೆ ಮುಖ್ಯ. ಆ ರೋಡಲ್ಲಿ ಓಡಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಅಗ್ರಹಾರ ಅಂಗಡಿ:

ಅಪ್ಪ ಹೇಳಿದ್ದೇ ಸರಿ. ಸ್ಪ್ಲೆಂಡರ್ ಪ್ಲಸ್ ತಗೊಳ್ಳಿ. 97.2 ಸಿಸಿ ಎಂಜಿನ್, ಹಗುರ ಗಾಡಿ, ಯಾವ ಹಳ್ಳಿಗೆ ಹೋದರೂ ರಿಪೇರಿ ಮಾಡುವವರು ಸಿಗುತ್ತಾರೆ. ಸ್ಪೇರ್‌ಗೆ ಹುಡುಕಾಡಬೇಕಿಲ್ಲ. ಮಾರುವಾಗಲೂ ಒಳ್ಳೆ ರೇಟು. ನಾನು ಅಂಗಡಿ ಸಾಮಾನು ಹೇರಿಕೊಂಡು ಸಿಟಿಯೊಳಗೆ ದಿನಾ ಓಡಿಸುತ್ತೇನೆ, ಒಂದು ದಿನವೂ ಕೈ ಕೊಟ್ಟಿಲ್ಲ.

ಕಡಕೊಳ ಲೈನ್:

ಸರ್, ನಾನು ವರ್ಷಗಳಿಂದ ಇದೇ ರೋಡಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಮೊದಲು 100 ಸಿಸಿಯಲ್ಲಿ, ಈಗ 125ರಲ್ಲಿ.

ಮೇಲಿನವರು ಹೇಳಿದ್ದು ಸಿಟಿ ಓಡಾಟಕ್ಕೆ ನೂರಕ್ಕೆ ನೂರು ಸರಿ. ಆದರೆ ನಿಮ್ಮದು ಸಿಟಿ ಓಡಾಟ ಅಲ್ಲ. ಮಂಡಕಳ್ಳಿ ಏರ್‌ಪೋರ್ಟ್ ದಾಟಿದ ಮೇಲೆ ಅದು ಪೂರ್ತಿ ಹೈವೇ. ಗುಂಡ್ಲುಪೇಟೆ, ಊಟಿ ಕಡೆಯ ಗಾಡಿಗಳೆಲ್ಲ ಅದೇ ರೋಡಲ್ಲಿ. ಅಲ್ಲಿ ನೀವು 60–65ರಲ್ಲಿ ಒಂದೇ ಸಮ ಹೋಗಬೇಕಾಗುತ್ತದೆ. ನಾಲ್ಕು ಗೇರಿನ 100 ಸಿಸಿ ಆ ಸ್ಪೀಡಲ್ಲಿ ಹೋಗಲ್ಲ ಅಂತಲ್ಲ, ಹೋಗುತ್ತದೆ. ಆದರೆ ಉಸಿರು ಕಟ್ಟಿಕೊಂಡು ಹೋಗುತ್ತದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ, ಮುಂದೆ ಲಾರಿ. ಪಕ್ಕಕ್ಕೆ ತೆಗೆದು ದಾಟೋಣ ಅಂದರೆ ಆಕ್ಸಿಲರೇಟರ್ ತಿರುವಿದಷ್ಟೂ ಸದ್ದು ಬರುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹಾರಲ್ಲ. 125ರಲ್ಲಿ, ಐದನೇ ಗೇರಿನಲ್ಲಿ, ಅದೇ ಸ್ಪೀಡಿಗೆ ಎಂಜಿನ್ ಆರಾಮಾಗಿ ಇರುತ್ತದೆ. ಮನೆಗೆ ಬಂದಾಗ ಕೈ ಜುಂ ಅನ್ನಲ್ಲ.

ಮೈಲೇಜ್ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 25 ದಿನ ಅಂದರೆ 1,250 ಕಿಲೋಮೀಟರ್. ಒಂದು ಬೈಕ್ ಲೀಟರ್‌ಗೆ 65 ಕಿಲೋಮೀಟರ್ ಕೊಡುತ್ತದೆ, ಇನ್ನೊಂದು 55 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ತಿಂಗಳಿಗೆ ಮೂರೂವರೆ ಲೀಟರ್ ಪೆಟ್ರೋಲ್. ಲೀಟರ್‌ಗೆ ನೂರು ರೂಪಾಯಿ ಚಿಲ್ಲರೆ ಹಿಡಿದರೂ 360 ರೂಪಾಯಿ ಆಸುಪಾಸು. ದಿನಾ 50 ಕಿಲೋಮೀಟರ್ ಮೈ ಕೈ ನೋವಿಲ್ಲದೆ ಹೋಗಿ ಬರೋದಕ್ಕೆ ಇದು ಜಾಸ್ತಿ ಅಂತ ನನಗೆ ಅನಿಸಲ್ಲ. ಅಲ್ಲದೆ ಹೈವೇಯಲ್ಲಿ 100 ಸಿಸಿಯನ್ನು ಹಿಂಡಿ ಓಡಿಸಿದರೆ ಆ 65 ಕೂಡ ಸಿಗಲ್ಲ.

ಇನ್ಶೂರೆನ್ಸ್‌ನಲ್ಲೂ 125ಕ್ಕೆ ನಷ್ಟ ಇಲ್ಲ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ) ಇನ್ಶೂರೆನ್ಸ್ ಕಡ್ಡಾಯ, ಅದರಲ್ಲಿ 75ರಿಂದ 150 ಸಿಸಿವರೆಗೆ ಒಂದೇ ದರ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಶೈನ್, ರೈಡರ್ ಎರಡರ ಕಡಿಮೆ ಬೆಲೆಯ ಮಾದರಿಗಳೂ ನಿಮ್ಮ ಬಜೆಟ್ಟಿಗೆ ಹತ್ತಿರ ಬಂದಿವೆ.

ಶೈನ್ ಅಥವಾ ರೈಡರ್ ಅನ್ನೋದನ್ನು ನಿಮ್ಮ ಮೈ ತೀರ್ಮಾನ ಮಾಡಬೇಕು. ಟೆಸ್ಟ್ ರೈಡ್‌ಗೆ ಫ್ಯಾಕ್ಟರಿಯ ಸೇಫ್ಟಿ ಶೂ ಹಾಕಿಕೊಂಡೇ ಹೋಗಿ. ಇದನ್ನು ಯಾರೂ ಹೇಳಲ್ಲ. ಸೇಫ್ಟಿ ಶೂ ಮೂತಿ ದಪ್ಪ, ಒಳಗೆ ಕಬ್ಬಿಣದ ತಗಡು. ಮುಂದೆ ಮಾತ್ರ ತುಳಿಯೋ ಗೇರ್ ಲಿವರ್ ಇದ್ದರೆ ಶೂ ಅದರ ಕೆಳಗೆ ಸಲೀಸಾಗಿ ನುಗ್ಗಲ್ಲ, ಪ್ರತಿ ಸಲ ಪಾದ ಸೊಟ್ಟ ಮಾಡಿ ಎತ್ತಬೇಕು. ಹಿಂದೆ ಹಿಮ್ಮಡಿಯಿಂದ ಒತ್ತೋ ಲಿವರ್ ಇದ್ದರೆ ಆ ಕಾಟ ಇಲ್ಲ.

ಆಮೇಲೆ ಖಾಲಿ ರೋಡಲ್ಲಿ 60ಕ್ಕೆ ತಂದು ಕನ್ನಡಿ ನೋಡಿ. ಹಿಂದೆ ಬರೋ ಗಾಡಿಯ ನಂಬರ್ ಪ್ಲೇಟು ನಡುಗದೆ ಕಂಡರೆ ಒಳ್ಳೇದು. ಕನ್ನಡಿಯಲ್ಲಿ ಎಲ್ಲಾ ಮಸುಕಾದರೆ ಆ ನಡುಕ ದಿನಾ ನಿಮ್ಮ ಅಂಗೈಗೂ ಬರುತ್ತದೆ.

ಸಾಧ್ಯವಾದರೆ ಕತ್ತಲಾದ ಮೇಲೂ ಒಂದು ಸಲ ಓಡಿಸಲು ಕೇಳಿ. ಎಲ್‌ಇಡಿ ಅಂದ ಕೂಡಲೇ ಬೆಳಕು ಚೆನ್ನಾಗಿರುತ್ತದೆ ಅಂತಲ್ಲ. ಎರಡನೇ ಶಿಫ್ಟ್ ಮುಗಿಸಿ ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಸಿಗುತ್ತವೆ, ಹಿಂದೆ ಲೈಟೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಡಿಮ್‌ನಲ್ಲೇ ದೂರದವರೆಗೆ ಕಾಣಬೇಕು.

ನನ್ನ ಓಟು ಶೈನ್‌ಗೆ. ರೈಡರ್ ಎಂಜಿನ್ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೈನ್‌ನ ಚೈನು ಪೂರ್ತಿ ಮುಚ್ಚಿರುತ್ತದೆ, ಈ ರೋಡಿನ ಧೂಳಿಗೂ ಮಳೆಗೂ ಅದು ದೊಡ್ಡ ವಿಷಯ.

ಹಿಂದಿನ ಸೀಟು:

ಅಣ್ಣ, ನಿಮ್ಮ ಮನೆಯವರನ್ನು ಶೋರೂಮಿಗೆ ಕರೆದುಕೊಂಡು ಹೋಗ್ತೀರಾ? ಇಷ್ಟು ಜನ ಮಾತಾಡಿದರೂ ಅವರ ವಿಷಯ ಯಾರೂ ಎತ್ತಲಿಲ್ಲ.

ನಮ್ಮನೆಯವರು ನೋಡೋಕೆ ಚೆನ್ನಾಗಿದೆ ಅಂತ ಎರಡು ತುಂಡಿನ ಸೀಟಿನ ಬೈಕ್ ತಂದರು. ಹಿಂದಿನ ತುಂಡು ಎತ್ತರ, ಗಿಡ್ಡ, ಮುಂದಕ್ಕೆ ಜಾರು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ಹಂಪ್ ಬಂದಾಗೆಲ್ಲ ಜೀವ ಬಾಯಿಗೆ ಬರುತ್ತದೆ. ಟಿ. ನರಸೀಪುರದವರೆಗೆ ಹಾಗೆ ಕೂತು ಹೋಗೋದು ಸುಮ್ನೆ ಮಾತಲ್ಲ. ಉದ್ದದ ಒಂದೇ ಸೀಟು ಇರಲಿ, ಹಿಡಿಯೋ ಕಂಬಿ ಗಟ್ಟಿಯಾಗಿರಲಿ. ಸೀರೆ ಗಾರ್ಡ್ ತೆಗೆಸಬೇಡಿ, ಅದು ಅಂದಕ್ಕೆ ಇರೋದಲ್ಲ, ಸೆರಗು ಚಕ್ರಕ್ಕೆ ಸಿಗದಿರಲಿ ಅಂತ ಇರೋದು. ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ತಗೊಳ್ಳಿ. ಅವರ ತಲೆ ಅಳತೆಗೆ ಅವರೇ ಹಾಕಿ ನೋಡಲಿ.

ಅಗ್ರಹಾರ ಅಂಗಡಿ:

ತಂಗಿ ಹೇಳಿದ ಮಾತು ಸರಿ. ದಿನಾ ಹೈವೇ ಅಂದರೆ ನಾನೂ 125 ಅಂತಲೇ ಹೇಳುತ್ತೇನೆ. ಇನ್ನೊಂದು, ಬಿಲ್ಲಿನಲ್ಲಿ ಪ್ರತಿ ಸಾಲೂ ಬಿಡಿಸಿ ಬರೆಸಿಕೊಳ್ಳಿ: ಎಕ್ಸ್ ಶೋರೂಮ್, ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್. ಅದರಾಚೆ ‘ಹ್ಯಾಂಡ್ಲಿಂಗ್’, ‘ಆಕ್ಸೆಸರಿ ಪ್ಯಾಕ್’ ಅಂತ ಏನೇ ಕಂಡರೂ ಏನದು ಅಂತ ಕೇಳಿ. ಬೇಡದ್ದನ್ನು ತೆಗೆಸಿ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಎಲ್ಲೂ ಇಲ್ಲ.

ಶ್ರೀರಾಂಪುರದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೇಫ್ಟಿ ಶೂ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಶನಿವಾರ ಹೆಂಡತಿ ಜೊತೆ ಹೋಗಿ ಎರಡನ್ನೂ ಓಡಿಸಿ ನೋಡುತ್ತೇನೆ. ಒಂದೇ ಅನುಮಾನ. ಶೈನ್‌ನಲ್ಲಿ ಮುಂದಿನ ಬ್ರೇಕ್ ಡ್ರಮ್ ಸಾಕಾ, ಡಿಸ್ಕ್ ಬೇಕಾ? ಡಿಸ್ಕ್ ತಗೊಂಡರೆ ಬಜೆಟ್ ಎಳೆಯಬೇಕಾಗುತ್ತದೆ.

ಕಡಕೊಳ ಲೈನ್:

ಎಳೆಯಿರಿ ಸರ್, ಡಿಸ್ಕೇ ತಗೊಳ್ಳಿ. ಕಾಂಬಿ ಬ್ರೇಕ್ ಡ್ರಮ್ಮಿನಲ್ಲೂ ಇರುತ್ತದೆ, ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. 40ರ ಸ್ಪೀಡಿಗೆ ಅದು ಸಾಕು. ನೀವು 65ರಲ್ಲಿ ಇರುವಾಗ ತಾಂಡವಪುರದ ಹತ್ತಿರ ಯಾರಾದರೂ ಅಡ್ಡ ನುಗ್ಗಿದರೆ, ಮಳೆ ಬೇರೆ ಬರುತ್ತಿದ್ದರೆ, ಡಿಸ್ಕಿನ ಬೆಲೆ ಅಲ್ಲಿ ಗೊತ್ತಾಗುತ್ತದೆ. ಟೈರು ಟ್ಯೂಬ್‌ಲೆಸ್ ಇದೆಯಾ ಅಂತಲೂ ಕೇಳಿ. ರಾತ್ರಿ ಪಂಕ್ಚರ್ ಆದರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಊರು ಸೇರಬಹುದು.

ದುಡ್ಡಿಗೆ ಯೋಚನೆ ಮಾಡಬೇಡಿ. ಆಕ್ಸೆಸರಿ ಪ್ಯಾಕ್ ತೆಗೆಸಿ, ಇನ್ಶೂರೆನ್ಸ್‌ಗೆ ಹೊರಗಡೆ ಎರಡು ಕಡೆ ರೇಟು ಕೇಳಿ. ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಅಲ್ಲೇ ಹುಟ್ಟುತ್ತದೆ.