ಪಿಲ್ಲೋ ಸ್ಕ್ರಿಪ್ಟ್: ವೇಗವೂ ಬೇಕು, ಒತ್ತಕ್ಷರವೂ ನೆಟ್ಟಗಿರಬೇಕು

ವಿದ್ಯಾನಗರ ಸ್ಟುಡಿಯೊ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಶಾಲೆಗಳ ಮಕ್ಕಳ ಬಿಡಿ ಫೋಟೋ ಕೆಲಸಕ್ಕೆ ಪೈಥಾನ್‌ನಲ್ಲಿ ಪಿಲ್ಲೋ ಅನ್ನೋ ಚಿತ್ರ ಲೈಬ್ರರಿ ಬಳಸಿ ಸ್ಕ್ರಿಪ್ಟ್ ಮಾಡಿದ್ದೇವೆ. ಕ್ಯಾಮೆರಾ ಫೈಲು 6000×4000 ಜೆಪೆಗ್. ಪ್ರತಿ ಫೋಟೋದಿಂದ ಎರಡು ಕಾಪಿ ಬೇಕು: ಪ್ರಿಂಟಿಗೆ 4×6 ಇಂಚು, 300 ಡಿಪಿಐ, ಅಂದರೆ 1200×1800, ವಾಟ್ಸಾಪ್‌ಗೆ 800×1200. ಕೆಳಗಿನ ಹಳದಿ ಪಟ್ಟಿಯಲ್ಲಿ ಎಕ್ಸೆಲ್‌ನಿಂದ ಬಂದ ಹೆಸರು, ತರಗತಿ, ಊರು ಕೆಂಪಕ್ಷರದಲ್ಲಿ.

ಈಗಿನ ಕ್ರಮ: ಓಪನ್, ಎಕ್ಸಿಫ್ ಟ್ರಾನ್ಸ್‌ಪೋಸ್ (ಫೈಲಿನ ಟ್ಯಾಗ್ ನೋಡಿ ಫೋಟೋ ನೆಟ್ಟಗೆ ತಿರುಗಿಸೋದು), ಲ್ಯಾಂಕ್‌ಜೋಸ್ ಅನ್ನೋ ಫಿಲ್ಟರ್‌ನಿಂದ ರೀಸೈಜ್, ಅಕ್ಷರ, ಕ್ವಾಲಿಟಿ 95ಕ್ಕೆ ಸೇವ್. ಎರಡು ಕಾಪಿಗೂ ಮೂಲ ಫೈಲನ್ನೇ ಮತ್ತೆ ತೆರೆಯುತ್ತೇವೆ. ವಿಂಡೋಸ್, 4 ಕೋರ್, 8 ಜಿಬಿ ರ‍್ಯಾಮ್. 8 ಪ್ರೋಸೆಸ್ ಬಿಟ್ಟರೆ ಸಿಸ್ಟಮ್ ನಿಂತೇ ಹೋಗುತ್ತೆ. ಒತ್ತಕ್ಷರ ಒಡೆಯುತ್ತಿವೆ, ಕೆಂಪಕ್ಷರದ ಅಂಚು ಕದಡಿದಂತಿದೆ, ಲ್ಯಾಬ್‌ನಿಂದ ಬಂದ ಪ್ರಿಂಟಿನಲ್ಲಿ ಬಣ್ಣ ಮಂಕು. ಎಲ್ಲಿಂದ ಸರಿಪಡಿಸೋದು?

ಕೋಟೆ ಕೋಡರ್, ಚಿತ್ರದುರ್ಗ:

ಮೊದಲು ವೇಗ ನೋಡೋಣ. ನಿಮ್ಮ ಕ್ರಮವೇ ತಪ್ಪಿದೆ ಸರ್. ಎಕ್ಸಿಫ್ ಟ್ರಾನ್ಸ್‌ಪೋಸ್ ಕರೆದ ಕ್ಷಣವೇ ಪೂರ್ತಿ 2.4 ಕೋಟಿ ಪಿಕ್ಸೆಲ್ ಬಿಚ್ಚಿಕೊಳ್ಳುತ್ತೆ. ಪಿಲ್ಲೋ ಆರ್‌ಜಿಬಿ ಚಿತ್ರಕ್ಕೂ ಪಿಕ್ಸೆಲ್ಲಿಗೆ 4 ಬೈಟ್ ಹಿಡಿಯುತ್ತೆ, ಅಲ್ಲಿಗೆ 96 ಎಂಬಿ. ತಿರುಗಿಸಿದ ಪ್ರತಿಗೆ ಇನ್ನೊಂದು 96. ಅದನ್ನು 8 ಪ್ರೋಸೆಸ್‌ಗೆ ಗುಣಿಸಿದರೆ ಒಂದೂವರೆ ಜಿಬಿ ಇಲ್ಲೇ ಹೋಯ್ತು. ಪಕ್ಕದಲ್ಲಿ ಫೋಟೋಶಾಪ್ ತೆರೆದಿದ್ದರೆ ಕಥೆ ಮುಗೀತು.

ಜೆಪೆಗ್ ಅನ್ನು ಬಿಚ್ಚುವಾಗಲೇ 1/2, 1/4, 1/8 ಅಳತೆಗೆ ಇಳಿಸಿ ತೆಗೆದುಕೊಳ್ಳಬಹುದು. ಪಿಲ್ಲೋದಲ್ಲಿ ಅದಕ್ಕಿರುವ ಮೆಥಡ್ ಡ್ರಾಫ್ಟ್. ಓಪನ್ ಆದಮೇಲೆ, ಪಿಕ್ಸೆಲ್ ಮುಟ್ಟುವ ಯಾವುದೇ ಕೆಲಸಕ್ಕೆ ಮುಂಚೆ ಕರೆಯಬೇಕು. ನಿಲುವು ಫೋಟೋ ಆದರೂ ಫೈಲಿನೊಳಗೆ ಅದು ಅಡ್ಡವೇ ಇರುತ್ತೆ, ತಿರುಗಿಸು ಅನ್ನೋ ಟ್ಯಾಗ್ ಮಾತ್ರ ಬೇರೆ. ಹಾಗಾಗಿ ಡ್ರಾಫ್ಟ್‌ಗೆ 1800×1200 ಕೊಡಿ, 1200×1800 ಅಲ್ಲ. ಅದು ಕೇಳಿದ್ದಕ್ಕಿಂತ ಚಿಕ್ಕದನ್ನು ಕೊಡೋದಿಲ್ಲ. 1/4 ಮಾಡಿದರೆ 1500×1000 ಆಗಿ ಸಾಲದು, ಆದ್ದರಿಂದ 1/2 ಆರಿಸಿ 3000×2000 ಕೊಡುತ್ತೆ. ಮೆಮೊರಿ 96ರಿಂದ 24 ಎಂಬಿಗೆ ಇಳೀತು. ಆಮೇಲೆ ಟ್ರಾನ್ಸ್‌ಪೋಸ್, ಆಮೇಲೆ ಇಮೇಜ್ ಆಪ್ಸ್‌ನ ಫಿಟ್‌ನಿಂದ ಲ್ಯಾಂಕ್‌ಜೋಸ್ ಹಾಕಿ 1200×1800.

ಥಂಬ್‌ನೇಲ್ ಮೆಥಡ್ ಡ್ರಾಫ್ಟನ್ನು ತಾನೇ ಕರೆಯುತ್ತಲ್ಲ ಅಂತ ಕೆಲವರು ಹೇಳ್ತಾರೆ. ಕರೆಯುತ್ತೆ, ಆದರೆ ಅದರ ರಿಡ್ಯೂಸಿಂಗ್ ಗ್ಯಾಪ್ (ಬೇಕಾದ ಅಳತೆಯ ಎಷ್ಟು ಪಟ್ಟು ಕೇಳಬೇಕು ಅನ್ನೋದು) ಡಿಫಾಲ್ಟ್ 2.0. ಅಂದರೆ ಅದು ಕೇಳೋದು 3600×2400. 6000ದ ಅರ್ಧ 3000, ಸಾಲಲ್ಲ. ಕೊನೆಗೆ ಏನೂ ಇಳಿಸದೆ ಪೂರ್ತಿ ಫೈಲನ್ನೇ ಬಿಚ್ಚುತ್ತೆ. ನಿಮ್ಮ ಅಳತೆಗೆ ಗ್ಯಾಪ್ 1.5 ಹಾಕಬೇಕು, ಇಲ್ಲವೇ ಡ್ರಾಫ್ಟನ್ನು ನೀವೇ ಕರೆಯಬೇಕು. ಎರಡನೆಯದೇ ವಾಸಿ; ಏನಾಗ್ತಿದೆ ಅಂತ ಕಣ್ಣಿಗೆ ಕಾಣುತ್ತೆ. ಪಿಎನ್‌ಜಿಗೆ ಡ್ರಾಫ್ಟ್ ಕೆಲಸ ಮಾಡಲ್ಲ, ಎರರ್ ಕೂಡ ಕೊಡಲ್ಲ.

ವಾಟ್ಸಾಪ್ ಕಾಪಿಗೆ ಮೂಲ ಫೈಲ್ ಮತ್ತೆ ತೆರೆಯಬೇಡಿ. ಅಕ್ಷರ ಹಾಕುವ ಮುಂಚಿನ 1200×1800 ಇದೆಯಲ್ಲ, ಅದರಿಂದಲೇ 800×1200 ಮಾಡಿ, ಎರಡಕ್ಕೂ ಅಕ್ಷರ ಬೇರೆಬೇರೆ ಬರೆಯಿರಿ. ಅಕ್ಷರದ ಸಮೇತ ಕುಗ್ಗಿಸಿದರೆ ಸಣ್ಣ ಒತ್ತುಗಳು ಮಸುಕಾಗುತ್ತವೆ.

ಪ್ರೋಸೆಸ್ 4 ಸಾಕು. ಫಾಂಟನ್ನು ಪ್ರತಿ ಫೋಟೋಗೂ ಲೋಡ್ ಮಾಡದೆ, ಪೂಲ್‌ನ (ಪ್ರೋಸೆಸ್‌ಗಳ ಗುಂಪಿನ) ಇನಿಷಿಯಲೈಸರ್‌ನಲ್ಲಿ, ಅಂದರೆ ಪ್ರತಿ ಪ್ರೋಸೆಸ್ ಶುರುವಾಗುವಾಗ, ಒಂದೇ ಸಲ ಮಾಡಿ. ವಿಂಡೋಸ್‌ನಲ್ಲಿ ಪೂಲ್ ಶುರು ಮಾಡುವ ಸಾಲು ಮೇನ್ ಗಾರ್ಡ್ (if __name__ == "__main__") ಒಳಗೇ ಇರಬೇಕು.

ಇನ್ನು ಕೆಂಪಕ್ಷರ. ಅದು ಕ್ವಾಲಿಟಿ ಸಂಖ್ಯೆಯ ತಪ್ಪಲ್ಲ. ಜೆಪೆಗ್ ಡಿಫಾಲ್ಟ್ ಆಗಿ 4:2:0 ಸಬ್‌ಸ್ಯಾಂಪ್ಲಿಂಗ್ ಮಾಡುತ್ತೆ, ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧ ಆಗುತ್ತೆ. ಮುಖಕ್ಕೆ ಗೊತ್ತಾಗಲ್ಲ, ಹಳದಿ ಮೇಲಿನ ಕೆಂಪಿಗೆ ಕೂಡಲೇ ಗೊತ್ತಾಗುತ್ತೆ. ಸೇವ್‌ನಲ್ಲಿ ಸಬ್‌ಸ್ಯಾಂಪ್ಲಿಂಗ್ 0 ಕೊಡಿ, ಕ್ವಾಲಿಟಿ 90–92 ಸಾಕು. ವಾಟ್ಸಾಪ್ ಹೇಗೂ ಮತ್ತೆ ಕುಗ್ಗಿಸುತ್ತೆ, ಅಲ್ಲಿಗೆ 82 ಧಾರಾಳ.

ಮಂಕು ಬಣ್ಣಕ್ಕೆ ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಇದೆಯಾ ನೋಡಿ. ಪಿಲ್ಲೋ ಜೆಪೆಗ್ ಸೇವ್ ಮಾಡುವಾಗ ಐಸಿಸಿ ಪ್ರೊಫೈಲನ್ನು (ಫೈಲಿನ ಬಣ್ಣ ಯಾವ ಲೆಕ್ಕದ್ದು ಅಂತ ಹೇಳುವ ಮಾಹಿತಿ) ತಾನಾಗಿ ಒಯ್ಯಲ್ಲ. ನೀವು ಕೊಡದಿದ್ದರೆ ಪ್ರೊಫೈಲ್ ಉದುರಿಹೋಗಿ, ಲ್ಯಾಬ್‌ನವರ ಯಂತ್ರ ಅದನ್ನು ಸಾಮಾನ್ಯ ಬಣ್ಣದ ಲೆಕ್ಕವಾದ ಎಸ್‌ಆರ್‌ಜಿಬಿ ಅಂದುಕೊಳ್ಳುತ್ತೆ. ಇಮೇಜ್ ಸಿಎಂಎಸ್ ಮಾಡ್ಯೂಲ್‌ನಿಂದ ಎಸ್‌ಆರ್‌ಜಿಬಿಗೆ ಬದಲಿಸಿ, ಆಮೇಲೆ ಅಕ್ಷರ ಬರೆಯಿರಿ.

ಅಕ್ಷರ ಜೋಡಣೆ:

ಒತ್ತಕ್ಷರದ ಬಗ್ಗೆ ನಾನು ಹೇಳ್ತೀನಿ. ಪಿಲ್ಲೋದಲ್ಲಿ ಎರಡು ಲೇಔಟ್ ಎಂಜಿನ್ ಇವೆ: ಬೇಸಿಕ್ ಮತ್ತು ರಕ್ಮ್. ಬೇಸಿಕ್ ಒಂದೊಂದೇ ಸಂಕೇತ ತಗೊಂಡು ಪಕ್ಕಪಕ್ಕ ಇಡುತ್ತೆ, ಕನ್ನಡಕ್ಕೆ ಅದು ಆಗಿಬರಲ್ಲ. ರಕ್ಮ್ ಹಾರ್ಫ್‌ಬಜ್ ಅನ್ನೋ ಲೈಬ್ರರಿ ಮೂಲಕ ಅಕ್ಷರ ಕೂಡಿಸುತ್ತೆ. ಪರೀಕ್ಷೆಗೆ "ದಾವಣಗೆರೆ" ಅಂತ ಬರೆದು ನೋಡಬೇಡಿ. ಅದರಲ್ಲಿ ಒತ್ತೇ ಇಲ್ಲ, ಕಾಗುಣಿತ ಸ್ವಲ್ಪ ಜರುಗಿದರೂ ಓದೋಕೆ ಬರುತ್ತೆ, ಸರಿಯಿದೆ ಅಂದುಕೊಳ್ತೀರಿ. "ಚಿತ್ರದುರ್ಗ" ಬರೆಯಿರಿ. ತ ಕೆಳಗೆ ರಕಾರದ ಒತ್ತು ಕೂತಿರಬೇಕು, ಗ ಪಕ್ಕಕ್ಕೆ ಅರ್ಕಾವತ್ತು ಬಂದಿರಬೇಕು. ಎರಡು ಕಡೆ ಹಲಂತ ಚಿಹ್ನೆ (್) ಬಿಡಿಯಾಗಿ ನಿಂತಿದ್ದರೆ ಬೇಸಿಕ್ ಓಡ್ತಿದೆ ಅಂತಲೇ ಅರ್ಥ.

ಫೀಚರ್ಸ್ ಮಾಡ್ಯೂಲ್‌ನ ಚೆಕ್‌ಗೆ ರಕ್ಮ್ ಹೆಸರು ಕೊಟ್ಟು ನೋಡಿ. ಫಾಲ್ಸ್ ಬಂದರೆ, ಕಾರಣ ಬಹುತೇಕ ರಕ್ಮ್‌ಗೆ ಬೇಕಾದ ಫ್ರಿಬಿಡಿ ಲೈಬ್ರರಿ ಇಲ್ಲದಿರೋದು. ಪಿಲ್ಲೋ 8.2ರಿಂದ ಪಿಪ್‌ನಲ್ಲಿ ರಕ್ಮ್ ಒಳಗೇ ಬರುತ್ತೆ, ಫ್ರಿಬಿಡಿ ಮಾತ್ರ ಬೇರೆ ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಿ ಅದರ ಡಿಎಲ್‌ಎಲ್ ಫೈಲನ್ನು ಪೈಥಾನ್ ಇಎಕ್ಸ್‌ಇ ಇರುವ ಫೋಲ್ಡರಿಗೇ ಹಾಕಿ. 64 ಬಿಟ್ ಪೈಥಾನ್‌ಗೆ 64 ಬಿಟ್‌ನದೇ. ಉಬುಂಟು ಆದರೆ ಆಪ್ಟ್‌ನಿಂದ ಇನ್‌ಸ್ಟಾಲ್ ಮಾಡಿದರೆ ಸಾಕು. ಹಳೆಯ ಆವೃತ್ತಿಗಳಲ್ಲಿ ರಕ್ಮ್ ಕೇಳಿದರೂ ಸಿಗದಿದ್ದಾಗ ಸದ್ದಿಲ್ಲದೆ ಬೇಸಿಕ್‌ಗೆ ಜಾರುತ್ತೆ, ಆದ್ದರಿಂದ ಸ್ಕ್ರಿಪ್ಟ್ ಶುರುವಿನಲ್ಲೇ ಚೆಕ್ ಮಾಡಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿಬಿಡಿ.

ಹೆಸರನ್ನು ಟೆಕ್ಸ್ಟ್ ಬಿಬಾಕ್ಸ್ (ಅಕ್ಷರಗಳ ಸುತ್ತಿನ ಚೌಕಟ್ಟು) ಎತ್ತರ ನೋಡಿ ಪಟ್ಟಿಯ ನಡುವಿಗೆ ತರಬೇಡಿ. ಒತ್ತು ಇರುವ ಹೆಸರು ಮೇಲಕ್ಕೆ ಜಿಗಿಯುತ್ತೆ, ಇಲ್ಲದ್ದು ಕೆಳಗಿಳಿಯುತ್ತೆ. ಆಂಕರ್‌ಗೆ "ಎಂಎಸ್" (ms) ಕೊಟ್ಟು ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) ಹಿಡಿಯಿರಿ, ಕೆಳಗೆ ಅಕ್ಷರದ ಗಾತ್ರದ ಅರ್ಧದಷ್ಟಾದರೂ ಜಾಗ ಬಿಡಿ. "ರಾಷ್ಟ್ರ" ತರಹದ ಎರಡು ಒತ್ತು ಬಂದರೂ ಕತ್ತರಿಸಲ್ಲ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಬೋಲ್ಡ್ ಸಾಕು. ಬೆಣ್ಣೆ ಅಂತ ಒಂದು ಫಾಂಟ್ ಇದೆ, ಹೆಸರು ನೋಡಿ ನಮ್ಮೂರದ್ದು ಅಂತ ಹಾಕೋಕೆ ಹೋಗಬೇಡಿ. ಸಣ್ಣ ಗಾತ್ರಕ್ಕೆ ಅದರ ಗೆರೆ ತೆಳು.

ವಿದ್ಯಾನಗರ ಸ್ಟುಡಿಯೊ, ದಾವಣಗೆರೆ:

ಡಿಎಲ್‌ಎಲ್ ಹಾಕಿದ ಮೇಲೆ ಚಿತ್ರದುರ್ಗ ಸರಿ ಬಂತು. ಆದರೆ "ರಾಜ್‌ಕುಮಾರ್" ಅಂತ ಇರಬೇಕಾದ್ದು ಜ ಕೆಳಗೆ ಕ ಒತ್ತು ಬಂದು "ರಾಜ್ಕುಮಾರ್" ಆಗ್ತಿದೆ. ಜೊತೆಗೆ, ದುಗ್ಗಮ್ಮನ ಜಾತ್ರೆ ಫ್ಲೆಕ್ಸ್‌ಗೂ ಇದೇ ಸ್ಕ್ರಿಪ್ಟ್ ನಡೆಯುತ್ತಾ?

ಅಕ್ಷರ ಜೋಡಣೆ:

ಎಕ್ಸೆಲ್ ಡೇಟಾ ಶುಚಿ ಮಾಡುವಾಗ ಕಾಣದ ಸಂಕೇತ ಎಲ್ಲ ತೆಗೆದಿದ್ದೀರಿ ಅನ್ಸುತ್ತೆ. ಜ್ ಮತ್ತು ಕು ನಡುವೆ ಯು+200ಸಿ ಇರಲೇಬೇಕು, ಅದೇ ಒತ್ತು ಆಗದಂತೆ ತಡೆಯೋದು. "ರ‍್ಯಾಂಕ್"ನಲ್ಲಿ ಯು+200ಡಿ ಕೂಡ ಉಳಿಯಲೇಬೇಕು. ಹೆಸರಿನ ಹಿಂದೆಮುಂದೆ ಇರುವ ಖಾಲಿ ಜಾಗ ಮಾತ್ರ ತೆಗೆಯಿರಿ, ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ (ಯುನಿಕೋಡ್ ಸಂಕೇತಗಳನ್ನು ಒಂದೇ ರೂಪಕ್ಕೆ ತನ್ನಿ), ಒಳಗಿನದ್ದನ್ನು ಮುಟ್ಟಬೇಡಿ.

ಕೋಟೆ ಕೋಡರ್, ಚಿತ್ರದುರ್ಗ:

ಫ್ಲೆಕ್ಸ್ ಲೆಕ್ಕ ಬೇರೆ. 20×10 ಅಡಿಯನ್ನು 72 ಡಿಪಿಐಗೆ ಮಾಡಿದರೂ 17280×8640, ಹತ್ತಿರ 15 ಕೋಟಿ ಪಿಕ್ಸೆಲ್, ಪಿಲ್ಲೋದಲ್ಲಿ ಒಂದು ಪ್ರತಿಗೇ ಸುಮಾರು 600 ಎಂಬಿ. ಅಷ್ಟು ದೊಡ್ಡ ಫೈಲಿಗೆ ಲಿಬ್‌ವಿಪ್ಸ್ ಅನ್ನೋ ಇನ್ನೊಂದು ಚಿತ್ರ ಲೈಬ್ರರಿ ಹಿಡಿಯಿರಿ, ಪೈಥಾನ್‌ನಲ್ಲಿ ಪೈವಿಪ್ಸ್. ಅದು ಚಿತ್ರವನ್ನು ಪೂರ್ತಿ ಎತ್ತಿಕೊಳ್ಳದೆ ತುಂಡುತುಂಡಾಗಿ ಹರಿಸುತ್ತೆ; ತೆರೆಯುವಾಗ ಆಕ್ಸೆಸ್ ಸೀಕ್ವೆನ್ಶಿಯಲ್ ಅಂತ ಕೊಡಿ. ಅಕ್ಷರವನ್ನು ಪ್ಯಾಂಗೋ ಅನ್ನೋ ಅಕ್ಷರ ಜೋಡಿಸುವ ಲೈಬ್ರರಿ ಮೂಲಕ ಬರೆಯೋದರಿಂದ ಒತ್ತಕ್ಷರಕ್ಕೆ ಬೇರೆ ತಲೆನೋವಿಲ್ಲ. ಅದು ತಾನೇ ಥ್ರೆಡ್ ಹಂಚಿಕೊಳ್ಳುತ್ತೆ, ನೀವು ಮೇಲಿಂದ 4 ಪ್ರೋಸೆಸ್ ಬಿಡೋದಾದರೆ ವಿಪ್ಸ್ ಕನ್‌ಕರೆನ್ಸಿ 1ಕ್ಕೆ ಇಳಿಸಿ.

ಪಿಲ್ಲೋದಲ್ಲೇ ತೆರೆದರೆ ಸುಮಾರು 8.95 ಕೋಟಿ ಪಿಕ್ಸೆಲ್ ದಾಟಿದ ಕೂಡಲೇ ಡಿಕಂಪ್ರೆಷನ್ ಬಾಂಬ್ (ಬಿಚ್ಚಿದಾಗ ಮೆಮೊರಿ ನುಂಗುವ ಫೈಲು) ಅಂತ ಎಚ್ಚರಿಕೆ ಬರುತ್ತೆ, ಅದರ ಎರಡರಷ್ಟು ದಾಟಿದರೆ ಎರರ್. ಈ ಮಿತಿ ಇಡುವ ಮ್ಯಾಕ್ಸ್ ಇಮೇಜ್ ಪಿಕ್ಸೆಲ್ಸ್ ಅನ್ನು None ಮಾಡೋದು, ಅಂದರೆ ಮಿತಿಯನ್ನೇ ತೆಗೆಯೋದು, ಎಲ್ಲರೂ ಹೇಳಿಕೊಡುವ ಉಪಾಯ, ಹಾಗೆ ಮಾಡಬೇಡಿ. ನಿಮ್ಮ ದೊಡ್ಡ ಫ್ಲೆಕ್ಸ್‌ಗೆ ತಕ್ಕಂತೆ 16 ಕೋಟಿಗೆ ಏರಿಸಿ, ಅದೂ ಫ್ಲೆಕ್ಸ್ ಸ್ಕ್ರಿಪ್ಟ್‌ನಲ್ಲಿ ಮಾತ್ರ. ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತರುವ ಫೈಲು ಓಡುವ ಕಡೆ ಮಿತಿ ಇದ್ದ ಹಾಗೇ ಇರಲಿ.