ಪದಚರ್ಚೆ: 'ಫೇ ದೋದೋ' ಅನ್ನುವುದನ್ನು 'ತಾಚಿ ಮಾಡು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ನಾಲ್ಕಾರು ಜನ ಸೇರಿ ಬೇರೆ ಬೇರೆ ಊರಿನ ಹಾಡು ಕೇಳುತ್ತೇವೆ. ಈ ಸಲ ಅಮೆರಿಕದ ಲೂಯಿಸಿಯಾನಾದ ಕೇಜನ್ನರ, ಅಂದರೆ ಅಲ್ಲಿನ ಫ್ರೆಂಚ್ ಮಾತಿನ ಜನರ ಸಂಗೀತ. ಕನ್ನಡದಲ್ಲಿ ಒಂದು ಪುಟದ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಒಂದೇ ಪುಟ ಅಲ್ವಾ ಅಂತ ಒಪ್ಪಿಕೊಂಡೆ. ಮೂರು ದಿನದಿಂದ ಒಂದು ಪದದ ಹತ್ತಿರ ಗಾಡಿ ನಿಂತಿದೆ.

ಆ ಪದ 'ಫೇ ದೋದೋ'. ಕೇಜನ್ನರು ರಾತ್ರಿ ಸೇರಿ ಕುಣಿಯುವ ಕೂಟದ ಹೆಸರು ಇದು. ಫ್ರೆಂಚಿನಲ್ಲಿ ಮಲಗುವುದಕ್ಕೆ 'ದೋರ್ಮಿರ್' ಅಂತಾರೆ. ಅದರ ಮೊದಲ ಅಕ್ಷರವನ್ನೇ ಎರಡು ಸಲ ಹೇಳಿದರೆ 'ದೋದೋ', ಎಳೆಮಕ್ಕಳ ಜೊತೆ ಆಡುವ ಮಾತು. 'ಫೇ' ಅಂದರೆ ಮಾಡು. ಹಿಂದೆ ಕುಣಿತ ನಡೆಯುತ್ತಿದ್ದುದು ಮನೆಗಳಲ್ಲೇ. ಮೇಜು, ಕುರ್ಚಿ ಎಲ್ಲ ಹೊರಗಿಟ್ಟು ಜಾಗ ಮಾಡುವುದು, ಪಿಟೀಲಿನವರು ಒಂದು ಮೂಲೆಯಲ್ಲಿ ಕೂರುವುದು, ಮಕ್ಕಳನ್ನು ಒಳಕೋಣೆಯ ಮಂಚದ ಮೇಲೆ ಸಾಲಾಗಿ ಮಲಗಿಸುವುದು. ಮಗು ಬೇಗ ಮಲಗಿದರೆ ತಾನು ಬೇಗ ಕುಣಿಯಬಹುದು ಅಂತ ತಾಯಿ 'ಫೇ ದೋದೋ, ಫೇ ದೋದೋ' ಅಂತಿದ್ದಳಂತೆ. ಆ ಮಾತೇ ಕೂಟದ ಹೆಸರಾಯಿತು. ಬೆನ್ನಿಗೆ ಬೆನ್ನು ಕೊಟ್ಟು ಕುಣಿಯುವ 'ದೋ-ಸಾ-ದೋ' ಹೆಜ್ಜೆಯಿಂದ ಬಂತು ಅನ್ನುವವರೂ ಇದ್ದಾರೆ. ನನಗೇನೋ ತಾಯಿಯ ಕಥೆಯೇ ಇಷ್ಟ.

ಮೊದಲ ಕರಡಿನಲ್ಲಿ 'ನಿದ್ರಾನೃತ್ಯಕೂಟ' ಅಂತ ಬರೆದಿದ್ದೆ. ನಗಬೇಡಿ. ಓದಿದ ಗೆಳೆಯರೊಬ್ಬರು, ಇದು ನಿದ್ದೆ ಬಾರದವರ ಶಿಬಿರವಾ ಅಂತ ಕೇಳಿದರು. 'ರಾತ್ರಿಯಾಟ' ಅಂದರೆ ಯಕ್ಷಗಾನ ಕಣ್ಮುಂದೆ ಬರುತ್ತದೆ, ಅದೂ ಬಿಟ್ಟೆ. ಆಮೇಲೆ ಅಮ್ಮನಿಗೆ ಈ ಕಥೆ ಹೇಳಿದೆ. ಅವರು ಅವರೆಕಾಳು ಹಿಸುಕುತ್ತಾ ತಲೆ ಎತ್ತದೆ, 'ತಾಚಿ ಮಾಡು ಅಂತಾರಲ್ಲ, ಅದೇ ತಾನೇ' ಅಂದರು. ಮೂಲದಲ್ಲಿ ಎರಡು ತುಂಡು, ಕನ್ನಡದಲ್ಲೂ ಎರಡೇ. ಒಂದು ಎಳೆಮಾತು, ಒಂದು ಮಾಡು. ಅಂಗೈಗೆ ಅಂಗೈ ಇಟ್ಟ ಹಾಗೆ ಕೂರುತ್ತದೆ.

ತೊಂದರೆ ವ್ಯಾಕರಣದ್ದು. 'ನಿನ್ನೆ ತಾಚಿಮಾಡಿಗೆ ಹೋಗಿದ್ದೆವು' ಅಂದರೆ ಕಿವಿಗೆ ಒಗ್ಗುತ್ತದಾ? ಹೀಗೆ ಹೇಳುವ ಮಾತೇ ಹೆಸರಾಗಿ ನಿಂತದ್ದು ನಮ್ಮಲ್ಲೂ ಉಂಟು, 'ಮುಟ್ಟಿದರೆ ಮುನಿ' ಗಿಡ ಇದೆಯಲ್ಲ. ಇಂಥವು ಇನ್ನೇನಾದರೂ ನೆನಪಿದ್ದರೆ ತಿಳಿಸಿ, ನನಗೆ ಧೈರ್ಯ ಬರುತ್ತದೆ.

ಎರಡನೆಯ ಗೊಂದಲ ತಂಡದ ಹೆಸರಿನದು. ನಾವು ಕೇಳಲಿರುವುದು ಬಾಲ್ಫಾ ಮನೆತನದ ಹಾಡು. ಅಪ್ಪ ಗೇಣಿ ಮಾಡುತ್ತಿದ್ದ ರೈತ, ಪಿಟೀಲುಗಾರ. ಮಕ್ಕಳಿಗೆ ಮನೆಯಲ್ಲೇ ಕೈ ಕುದುರಿತು. ಶಾಲಾ ಬಸ್ಸು ಓಡಿಸುತ್ತಿದ್ದ ಡ್ಯೂಯಿ ಬಾಲ್ಫಾ 1964ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ನುಡಿಸಿದಾಗ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. 1967ರಲ್ಲಿ ಒಡಹುಟ್ಟಿದವರನ್ನೇ ಕಟ್ಟಿಕೊಂಡು ಅಲ್ಲಿಗೆ ಮತ್ತೆ ಹೋದರು. 'ಬಾಲ್ಫಾ ಬ್ರದರ್ಸ್' ಅನ್ನುವುದನ್ನು ಏನು ಮಾಡೋಣ? 'ಸಹೋದರರು' ಅಂದರೆ ಕಛೇರಿಯ ಪೋಸ್ಟರ್. 'ಅಣ್ಣತಮ್ಮಂದಿರು' ಅಂದರೆ ಹೊಲದ ಪಾಲಿನ ಜಗಳ ನೆನಪಾಗುತ್ತದೆ! ಆದರೂ ನನ್ನ ಮತ ಇದಕ್ಕೇ. ಯಾಕೆಂದರೆ ಇಲ್ಲಿ ಹಿರಿಕಿರಿತನ ಮುಖ್ಯ. ವಿಲ್, ಡ್ಯೂಯಿಗಿಂತ ಹತ್ತು ವರ್ಷ ದೊಡ್ಡವರು. ಅವರು ನುಡಿಸಿದ್ದು ಎರಡನೆಯ ಪಿಟೀಲು. ತಮ್ಮ ರಾಗ ಹಿಡಿದರೆ ಅಣ್ಣ ಕೆಳಗಿನ ಸ್ವರದಲ್ಲಿ ಕಮಾನು ಎಳೆದು ಲಯ ಕೊಡುತ್ತಾರೆ. ಇಂಗ್ಲಿಷಿನ 'ಬ್ರದರ್' ಇದನ್ನು ಹೇಳುವುದಿಲ್ಲ, ನಮ್ಮ ಪದ ಹೇಳುತ್ತದೆ.

'ಫ್ಯಾಮಿಲಿ ಬ್ಯಾಂಡ್'ಗೆ 'ಕುಟುಂಬ ಬ್ಯಾಂಡ್' ಅಂದರೆ ಕುಟುಂಬ ಯೋಜನೆಯ ಗೋಡೆಬರಹ ಓದಿದ ಹಾಗಿರುತ್ತದೆ. ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. 'ಮನೆಮಂದಿಯ ಮೇಳ' ಅಂತ ಹಾಕಿದ್ದೇನೆ. ಮನೆ ಅನ್ನುವುದು ಸುಮ್ನೆ ಪ್ರಾಸಕ್ಕೆ ಬಂದದ್ದಲ್ಲ. 1921ರ ಲೂಯಿಸಿಯಾನಾ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷೊಂದೇ ಇರಲಿ ಅಂದಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಭಾಷೆಗೆ ಉಳಿದ ಜಾಗ ಮನೆ ಮತ್ತು ಹಾಡು. ಅದು ಅಕ್ಷರಶಃ ಮನೆಮಾತು.

ಈ ಸಂಗೀತವನ್ನು ಹೀಯಾಳಿಸುವವರು 'ಚ್ಯಾಂಕಿ-ಚ್ಯಾಂಕ್' ಅಂತಿದ್ದರು. ಹಳೆಯ ಹುಲ್ಲುಗೋರೆಯ ಕಬ್ಬಿಣದ ಹಲ್ಲು ಬಗ್ಗಿಸಿ ಮಾಡಿದ ತ್ರಿಕೋನ ವಾದ್ಯದ ಸದ್ದನ್ನು ಅಣಕಿಸುವ ಮಾತು. ಆ ತ್ರಿಕೋನವನ್ನು ಅವರು 'ತಿ ಫೇರ್' ಅನ್ನುತ್ತಾರೆ, ಪುಟ್ಟ ಕಬ್ಬಿಣ. ಅಣಕಕ್ಕೆ 'ಡಬ್ಬಾ ಬಡಿಯೋದು' ಸಾಕಾ? ಅದರಲ್ಲಿ ತಾತ್ಸಾರ ಇದೆ, ಆದರೆ ಲೋಹದ ಠಣಠಣ ಇಲ್ಲ.

ಕೊನೆಯದು. 1979ರಲ್ಲಿ ವಿಲ್ ಮತ್ತು ತಮ್ಮ ರಾಡ್ನಿ ಕಾರು ಅಪಘಾತದಲ್ಲಿ ತೀರಿಕೊಂಡರು. ಡ್ಯೂಯಿ ನುಡಿಸುವುದು ಬಿಡಲಿಲ್ಲ. 1992ರಲ್ಲಿ ಅವರೂ ಹೋದ ಮೇಲೆ ಮಗಳು ಕ್ರಿಸ್ಟೀನ್ ಕಟ್ಟಿದ ತಂಡ 'ಬಾಲ್ಫಾ ತೂಜೂರ್'. ತೂಜೂರ್ ಅಂದರೆ ಯಾವಾಗಲೂ. 'ಬಾಲ್ಫಾ ಚಿರಾಯು' ಘೋಷಣೆಯಾಯಿತು, 'ನಿತ್ಯ ಬಾಲ್ಫಾ' ಹೋಟೆಲಿನ ಬೋರ್ಡಾಯಿತು. 'ಬಾಲ್ಫಾ ಇನ್ನೂ ಇದೆ' ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಅರ್ಥ ಸ್ವಲ್ಪ ಜರುಗಿತು, ಗೊತ್ತು.

ಶನಿವಾರದೊಳಗೆ ಪುಟ ಕೊಡಬೇಕು. ಬೇರೇನೂ ಬೇಡ, ಇದೊಂದಕ್ಕೆ ಉತ್ತರ ಕೊಡಿ: ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಮಗುವನ್ನು ಮಲಗಿಸುವಾಗ ಏನಂತೀರಿ? 'ತಾಚಿ' ನಿಮ್ಮ ಕಡೆ ಗೊತ್ತಾಗುತ್ತದಾ? ಇಲ್ಲಿ ಕೆಲವರು 'ಪಾಚಿ' ಅಂತಾರೆ, ಅದು ಬರೆದರೆ ಕೆರೆಯ ಪಾಚಿ ಅಂದುಕೊಂಡಾರು.