ಜೀನ್ಸ್ ಲೇಬಲ್‌ನ ಬಾರ್‌ಕೋಡ್ ಓದುತ್ತಿಲ್ಲ, ಸ್ಕ್ಯಾನರ್ ಬದಲಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್‌ನಲ್ಲಿ ನಮ್ಮ ಮಾಮನದು ಜೀನ್ಸ್ ಹೊಲಿಯುವ ಯೂನಿಟ್. ಅವರ ಸ್ಟಾಕ್ ಸಾಫ್ಟ್‌ವೇರ್ ನಾನೇ ಬರೆದಿದ್ದೇನೆ. ಪ್ರತಿ ಪ್ಯಾಂಟಿನ ಲೇಬಲ್‌ಗೆ ಕೋಡ್ 128 ಬಾರ್‌ಕೋಡ್ ಹಾಕುತ್ತೇವೆ. ಲಾಟ್, ಸೈಜ್, ಬಣ್ಣ, ತಾರೀಕು ಎಲ್ಲಾ ಸೇರಿ 18 ಅಕ್ಷರ. ಲೈಬ್ರರಿಯಿಂದ ಚಿತ್ರ ಮಾಡಿಸಿ, 50 ಮಿ.ಮೀ. ಲೇಬಲ್‌ಗೆ ಹಿಡಿಯುವಷ್ಟು ಕುಗ್ಗಿಸಿ ಪ್ರಿಂಟ್ ಕೊಡುತ್ತೇನೆ. ಕಂಪ್ಯೂಟರ್ ಪರದೆಗೆ ಮೊಬೈಲ್ ಹಿಡಿದರೆ ತಕ್ಷಣ ಓದುತ್ತದೆ. ಲೇಬಲ್ ಮೇಲೆ ಹತ್ತರಲ್ಲಿ ನಾಲ್ಕು ಓದೋದೇ ಇಲ್ಲ. ಹೊಸ ಸ್ಕ್ಯಾನರ್ ತರೋಣ ಅಂತಾರೆ ಮಾಮ. ತರಬೇಕಾ?

ಉತ್ತರ: ಬೇಡ, ದುಡ್ಡು ಇಟ್ಟುಕೊಳ್ಳಿ. ತಪ್ಪಿರೋದು ಆ ಕುಗ್ಗಿಸುವುದರಲ್ಲಿ.

ಲೆಕ್ಕ ಹಾಕಿ ನೋಡೋಣ. ಬಾರ್‌ಕೋಡಿನ ಅತಿ ಸಣ್ಣ ಗೆರೆಯ ಅಗಲಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಕೋಡ್ 128ರಲ್ಲಿ ಒಂದು ಅಕ್ಷರಕ್ಕೆ 11 ಮಾಡ್ಯೂಲ್. ನಿಮ್ಮ 18 ಅಕ್ಷರ, ಶುರುವಿನ ಗುರುತು, ಚೆಕ್ ಗುರುತು ಸೇರಿ 20, ಅಂದರೆ 220 ಮಾಡ್ಯೂಲ್. ಕೊನೆಯ ಗುರುತಿಗೆ 13. ಎರಡೂ ಬದಿ ಹತ್ತತ್ತು ಖಾಲಿ ಬಿಡಲೇಬೇಕು. ಒಟ್ಟು 253. ನಿಮ್ಮದು 203 ಡಿಪಿಐ, ಅಂದರೆ ಇಂಚಿಗೆ 203 ಚುಕ್ಕಿ ಒತ್ತುವ ಪ್ರಿಂಟರ್ ಇರಬೇಕು, ಅಲ್ವಾ? ಮಿ.ಮೀ.ಗೆ 8 ಚುಕ್ಕಿಯಂತೆ 50 ಮಿ.ಮೀ.ಗೆ 400 ಚುಕ್ಕಿ. 253ಕ್ಕೆ ಹಂಚಿದರೆ ಒಂದು ಮಾಡ್ಯೂಲ್‌ಗೆ ಒಂದೂವರೆ ಚುಕ್ಕಿಗಿಂತ ಚೂರು ಜಾಸ್ತಿ. ಅರ್ಧ ಚುಕ್ಕಿ ಒತ್ತುವುದು ಪ್ರಿಂಟರ್‌ಗೆ ಗೊತ್ತಿಲ್ಲ. ಹಾಗಾಗಿ ಒಂದು ಗೆರೆ 1 ಚುಕ್ಕಿ, ಅಷ್ಟೇ ಇರಬೇಕಾದ ಪಕ್ಕದ್ದು 2 ಚುಕ್ಕಿ. ಸ್ಕ್ಯಾನರ್ ಓದುವುದೇ ಗೆರೆಯ ಅಗಲವನ್ನು. ಪಾಪ, ಅದೇನು ಮಾಡೀತು?

ಲೇಬಲ್‌ಗೆ ಬರೀ 8 ಅಂಕಿಯ ನಂಬರ್ ಕೊಡಿ. ಲಾಟ್, ಸೈಜ್ ಎಲ್ಲಾ ಡೇಟಾಬೇಸ್‌ನಲ್ಲಿ ಇರಲಿ. ಕೋಡ್ 128ರ 'ಸಿ' ಸೆಟ್‌ನಲ್ಲಿ ಎರಡು ಅಂಕಿಗೆ ಒಂದೇ ಗುರುತು ಸಾಕು. ಆಗ ಖಾಲಿ ಜಾಗವೂ ಸೇರಿ 99 ಮಾಡ್ಯೂಲ್. ಒಂದಕ್ಕೆ 3 ಚುಕ್ಕಿ ಕೊಟ್ಟರೂ 297 ಚುಕ್ಕಿ, ಸುಮಾರು 37 ಮಿ.ಮೀ. ಲೇಬಲ್‌ನಲ್ಲಿ ಇನ್ನೂ ಜಾಗ ಉಳಿಯುತ್ತದೆ. ನಂಬರ್ 10000001ರಿಂದ ಶುರು ಮಾಡಿ. ಸೊನ್ನೆಯಿಂದ ಶುರುವಾದರೆ ಎಕ್ಸೆಲ್ ಅದನ್ನು ನುಂಗಿಬಿಡುತ್ತದೆ. ಚಿತ್ರ ಕಳಿಸುವುದನ್ನೂ ಬಿಡಿ. ಲೇಬಲ್ ಪ್ರಿಂಟರ್‌ಗಳಿಗೆ ತಮ್ಮದೇ ಕಮಾಂಡ್ ಭಾಷೆ ಇರುತ್ತದೆ. ಝಡ್‌ಪಿಎಲ್ ಅಥವಾ ಟಿಎಸ್‌ಪಿಎಲ್, ನಿಮ್ಮ ಪ್ರಿಂಟರ್‌ಗೆ ಯಾವುದು ಅರ್ಥವಾಗುತ್ತದೋ ಅದರಲ್ಲೇ ಕಮಾಂಡ್ ಕೊಟ್ಟರೆ ಗೆರೆಗಳನ್ನು ಅದೇ ಸರಿಯಾಗಿ ಎಳೆಯುತ್ತದೆ.

ಮರುಪ್ರಶ್ನೆ: ವಾಷಿಂಗ್ ಯೂನಿಟ್‌ನಲ್ಲಿ ನಮ್ಮ ಡೇಟಾಬೇಸ್ ಇಲ್ಲ ಸರ್. ಅಲ್ಲಿ ಸೈಜ್ ಹೇಗೆ ಗೊತ್ತಾಗಬೇಕು? ಇನ್ನೊಂದು, ಬಂಡಲ್ ಕಟ್ಟಿಟ್ಟರೆ ಲೇಬಲ್‌ಗೆ ನೀಲಿ ಹತ್ತುತ್ತದೆ.

ಉತ್ತರ: ಸೈಜನ್ನು ಗೆರೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿ, ಓದುವವರು ಮನುಷ್ಯರೇ ತಾನೇ. ಇಲ್ಲ, 18 ಅಕ್ಷರವೂ ಕೋಡ್‌ನಲ್ಲೇ ಬೇಕು ಅಂದರೆ ಕ್ಯೂಆರ್‌ಗೆ ಹೋಗಿ. ಇಂಗ್ಲಿಷ್ ದೊಡ್ಡಕ್ಷರ, ಅಂಕಿ ಮಾತ್ರ ಇದ್ದರೆ 21 ಸಾಲಿನ ಅತಿ ಚಿಕ್ಕ ಚೌಕದಲ್ಲೇ ಹಿಡಿಯುತ್ತದೆ. ತಪ್ಪು ಸರಿಪಡಿಸಿಕೊಳ್ಳುವ ಮಟ್ಟವನ್ನು 'ಎಂ' ಇಟ್ಟರೆ ಸುಮಾರು 15% ಹಾಳಾದರೂ ಓದುತ್ತದೆ. ಆದರೆ ಕೆಂಪು ಗೆರೆ ಬಿಡುವ ಲೇಸರ್ ಸ್ಕ್ಯಾನರ್ ಕ್ಯೂಆರ್ ಓದಲ್ಲ. ಮೊಬೈಲ್ ಬೇಕು, ಇಲ್ಲಾ ಕ್ಯಾಮೆರಾ ಇರುವ ಸ್ಕ್ಯಾನರ್. ಮಾಮನ ಆಸೆ ಆಗ ಈಡೇರುತ್ತದೆ.

ನೀಲಿ ಕಲೆ ಸಣ್ಣ ವಿಷಯ ಅಲ್ಲ. ಕೆಂಪು ಬೆಳಕಿಗೆ ನೀಲಿಯೂ ಕಪ್ಪಾಗಿಯೇ ಕಾಣುತ್ತದೆ. ನಮ್ಮ ಕಣ್ಣಿಗೆ ಗೆರೆ ಚೆನ್ನಾಗಿ ಕಂಡರೂ ಸ್ಕ್ಯಾನರ್‌ಗೆ ಎಲ್ಲಾ ಮಸಿ. ಬಂಡಲ್ ಚೀಟಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ. ವಾಷಿಂಗ್ ಮುಗಿಯುವ ತನಕ ಉಳಿಯಬೇಕಾದ ಲೇಬಲ್ ಆದರೆ ಬಟ್ಟೆಯ ಲೇಬಲ್ ಮತ್ತು ರೆಸಿನ್ ರಿಬ್ಬನ್ (ಪ್ರಿಂಟರ್‌ನ ಗಟ್ಟಿ ಶಾಯಿಯ ಪಟ್ಟಿ) ಬೇಕು, ಕಾಗದ ನಿಲ್ಲಲ್ಲ. ರಿಬ್ಬನ್ ಇಲ್ಲದೆ ಬಿಸಿಯಿಂದಲೇ ಒತ್ತುವ ಥರ್ಮಲ್ ಕಾಗದವನ್ನಂತೂ ನಮ್ಮ ಬಳ್ಳಾರಿ ಬಿಸಿಲಲ್ಲಿ ಗಾಡಿ ಮೇಲೆ ಬಿಡಬೇಡಿ, ಕಪ್ಪಾಗಿಬಿಡಬಹುದು.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮದು ಸಿರುಗುಪ್ಪದಲ್ಲಿ ಗೊಬ್ಬರ, ಬೀಜದ ಅಂಗಡಿ. ಸ್ಕ್ಯಾನ್ ಮಾಡಿದರೆ ಕೆಲವೊಮ್ಮೆ ಬಿಲ್‌ನಲ್ಲಿ ಏನೇನೋ ಕನ್ನಡ ಅಕ್ಷರ ಬರುತ್ತವೆ. ವೈರಸ್ಸಾ?

ಉತ್ತರ: ವೈರಸ್ ಅಲ್ಲ ತಮ್ಮಾ. ಯುಎಸ್‌ಬಿ ಸ್ಕ್ಯಾನರ್ ಸಾಮಾನ್ಯವಾಗಿ ಕೀಬೋರ್ಡ್ ಥರ ಕೆಲಸ ಮಾಡುತ್ತದೆ. ಓದಿದ್ದನ್ನು ಕೀಲಿ ಒತ್ತಿದ ಹಾಗೆ ಕಳಿಸುತ್ತದೆ, ಕೊನೆಗೆ ಎಂಟರ್ ಒತ್ತುತ್ತದೆ. ರೈತರ ಹೆಸರು ಟೈಪ್ ಮಾಡಲು ಕನ್ನಡ ಕೀಬೋರ್ಡ್ ಆನ್ ಮಾಡಿ ಹಾಗೇ ಬಿಟ್ಟಿರುತ್ತೀ. ಸ್ಕ್ಯಾನ್ ಮಾಡುವ ಮೊದಲು ಇಂಗ್ಲಿಷ್‌ಗೆ ಬದಲಿಸಿಕೋ.